ಒಂಬತ್ತನೇ ಅನುಬಂಧ

ಕಾನೂನು ವಿಭಾಗ ಅಂದರೆ ನಾವು ಮೂರೇ ಜನ,
ಕ್ಯಾಂಟೀನಿಗೆ ಅಂಟಿದ ಕೋಣೆ.
ಹನ್ನೊಂದಕ್ಕೇ ಬೆಳ್ಳುಳ್ಳಿ ಒಗ್ಗರಣೆ
ಕರಾರುಗಳ ಮೇಲೆ ಬಂದು ಕೂರುತ್ತದೆ.
ತೈಝೌ ಊರಿನ ನಮ್ಮ ಹೊಲಿಗೆ ಯಂತ್ರ
ಕಡಲು ದಾಟಿದಲ್ಲೆಲ್ಲ ನಾವೂ,
ಸೂಜಿಯ ಹಿಂದಿನ ದಾರ,
ಅದು ಚುಚ್ಚಿದ ತೂತಿನಲ್ಲೇ ನುಸುಳಬೇಕು.

ವಕೀಲರನ್ನು ಕೇಳಿ ಯಾರು ಮದುವೆಯಾಗುತ್ತಾರೆ,
ಎನ್ನುವವರು ನಮ್ಮ ಅಧ್ಯಕ್ಷ ಪಾಂಗ್.
ಮೊದಲು ಸಹಿ, ಆಮೇಲೆ ನಮಗೆ ಫೋನು.
ಬ್ರೆಜಿಲ್ಲಿನಲ್ಲಿ ಎರಡು ವರ್ಷ ಕೋರ್ಟು ಅಲೆದ ಮೇಲೆ
ಸಹಿಗೆ ಮುಂಚೆ ಒಂದು ರಾತ್ರಿ ಕೊಡುತ್ತಾರೆ.
ಒಂದು ರಾತ್ರಿ. ಎಂಟುನೂರು ಪುಟ.

ಪೋಲೆಂಡಿನ ವುಚ್:
ಬರೆಯುವುದೊಂದು, ಕರೆಯುವುದೊಂದು,
ಊರೇ ಒಂದು ಕರಾರಿನ ಹಾಗೆ.
ಅಲ್ಲೊಂದು ಮುದಿ ಸೂಜಿ ಕಾರ್ಖಾನೆ ಮಾರಾಟಕ್ಕಿತ್ತು.
ಪುಟದ ಎಡಕ್ಕೆ ಚೀನೀ, ಬಲಕ್ಕೆ ಇಂಗ್ಲಿಷು;
ವಿವಾದ ಬಂದರೆ ಬಲಗಡೆಯದೇ ಸರಿ ಎಂದು
ಎಡಗಡೆ ಬರೆದವಳು ನಾನೇ.

ರಾತ್ರಿ ಎರಡೂವರೆಗೆ
ರಸೀತಿಗಳ ಕಂತೆಯಲ್ಲಿ ಕಲ್ಲಿದ್ದಲು ಸಿಕ್ಕಿತು.
ಪ್ರತಿ ನವೆಂಬರ್, ಒಂಬತ್ತು ಮನೆಗೆ.
ಕಾರ್ಖಾನೆಯದೋ ವಿದ್ಯುತ್ ಕುಲುಮೆ.
ಮತ್ತೆ ಈ ಇದ್ದಲು ಯಾರ ಒಲೆಗೆ?

ಅಲ್ಲಿನ ವಕೀಲೆ ಗ್ರಾಜಿನಾಗೆ ಇನ್ನೂ ಸಂಜೆ;
ಪರದೆಯಲ್ಲಿ ಅವಳ ಬೆನ್ನ ಹಿಂದೆ ಯಾರೋ ತಟ್ಟೆ ತೊಳೆಯುತ್ತಿದ್ದರು.
ನಿಕಲ್ ಲೇಪದ ಶೆಡ್ಡಿನಲ್ಲಿ ಕೈ ಸುಟ್ಟುಕೊಂಡ ಹೆಂಗಸರು, ಎಂದಳು.
ಬದುಕಿರುವ ತನಕ ಚಳಿಗಾಲದ ಇದ್ದಲು ನನ್ನದು
ಅಂತ ಹಳೆಯ ಯಜಮಾನ ಬಾಯಲ್ಲಿ ಒಪ್ಪಿದ್ದು.
ಕಾಗದವಿಲ್ಲ.
ಬೇಕಿದ್ದರೆ ನಿಮಗೆ ಕಾಣಲೇ ಇಲ್ಲ ಅಂದುಕೊಳ್ಳಿ.

ಬೇಕಿದ್ದರೆ.

ಹದಿನಾರನೇ ಕಲಮು ತೆಗೆದೆ:
ಇಲ್ಲಿ ಬರೆಯದ ಯಾವ ಮಾತೂ ಮಾತಲ್ಲ.
ಎಷ್ಟು ದೇಶಗಳಿಗೆ ಅದನ್ನು ನಕಲು ಹೊಡೆದು ಅಂಟಿಸಿದ್ದೆ!
ಅವತ್ತು ಮೊದಲ ಸಲ ಓದಿದೆ.
ಓದಿ, ಎದ್ದು, ತಣ್ಣಗಾದ ಚಹಾ ಕುಡಿದು,
ಎಂಟು ಅನುಬಂಧಗಳ ಕೆಳಗೆ ಇನ್ನೊಂದು ಸೇರಿಸಿದೆ.
ಒಂಬತ್ತು ಹೆಸರು.
ಬೊಗುಸ್ವಾವಾ ಎಂಬಾಕೆಯ ಸದ್ದಿಗೆ ಹೊಂದುವ ಅಕ್ಷರ ಹುಡುಕುವಷ್ಟರಲ್ಲಿ
ಬೆಳಕು ಹರಿಯಿತು.

ಇದೇನಿದು ಇದ್ದಲು?
ಈ ಕರಾರಿನಲ್ಲಿ ಎಲ್ಲಕ್ಕಿಂತ ಅಗ್ಗದ ಸಾಲು, ಅಧ್ಯಕ್ಷರೇ.
ನಾಳೆ ಊರಿಗೆ ಊರೇ ಬಂದು ಕೇಳಿದರೆ?
ಹತ್ತನೆಯವಳು ಬಂದರೆ ನನ್ನ ಸಂಬಳದಲ್ಲಿ ಹಿಡಿಯಿರಿ.
ಅವರು ನಗಲಿಲ್ಲ. ಮೂಗು ಉಜ್ಜಿಕೊಂಡರು.
ಮುದುಕ ಮು ಕಬ್ಬಿಣದ ಪೆಟ್ಟಿಗೆಯಿಂದ ಮೊಹರು ತೆಗೆದು
ಹಾ ಎಂದು ಬಿಸಿಯುಸಿರು ಬಿಟ್ಟು ಒತ್ತಿದ.
ಕೆಂಪು ದುಂಡಗೆ ಬಿತ್ತು,
ಒಂದು ಕಡೆ ತುಸು ಮಸುಕು.

ಈಗ ನವೆಂಬರ್ ಬಂದರೆ ಗ್ರಾಜಿನಾಳ ಪಟ್ಟಿ ಬರುತ್ತದೆ.
ಮೊದಲ ವರ್ಷ ಒಂಬತ್ತು. ಆಮೇಲೆ ಏಳು.
ಒಬ್ಬಾಕೆ ಮನೆಗೆ ಗ್ಯಾಸು ಹಾಕಿಸಿಕೊಂಡಿದ್ದಾಳಂತೆ,
ಇದ್ದಲಿನಿಂದ ಏನೂ ಉಪಯೋಗವಿಲ್ಲವಂತೆ,
ಆದರೂ ಮೂಟೆ ಬರಲಿ, ಅಕ್ಕಪಕ್ಕದವರು ನೋಡಲಿ ಎಂದಳಂತೆ.
ಇದಕ್ಕೆ ಒಪ್ಪಿಗೆ ಕೊಡುವ ಅಧಿಕಾರ ನನಗಿಲ್ಲ.
ಕೊಟ್ಟೆ.

ಈ ಸಲ ನಾಲ್ಕು.
ಲೆಕ್ಕಪತ್ರದ ಹುಡುಗ ಝಾನ್ ಬಾಗಿಲಲ್ಲೇ ನಿಂತು
ಒಳ್ಳೇ ಸುದ್ದಿ ಅಕ್ಕಾ, ಹೊಣೆ ಅರ್ಧಕ್ಕಿಂತ ಇಳಿದಿದೆ, ಅಂದ.
ಅವನದೇನು ತಪ್ಪು?
ಅವನ ಕೋಷ್ಟಕದಲ್ಲಿ ಅದು ಒಳ್ಳೇ ಸುದ್ದಿಯೇ.

ನಾನು ಹೆಸರು ಅಳಿಸುವುದಿಲ್ಲ, ಮೇಲೊಂದು ಗೆರೆ ಎಳೆಯುತ್ತೇನೆ.
ಗೆರೆಯ ಅಡಿಯಲ್ಲಿ ಓದಲು ಬರುತ್ತದೆ.
ಬೊಗುಸ್ವಾವಾ ಇದ್ದಾಳೆ.
ಗ್ಯಾಸು ಹಾಕಿಸಿಕೊಂಡವಳು ಇಲ್ಲ.

ಒಗ್ಗರಣೆ ಚಟಪಟ ಶುರುವಾಗಿದೆ.
ತಾಷ್ಕೆಂಟಿನ ಕಡತ ಬಂದು ಮೇಜಿನ ಮೇಲೆ ಕೂತಿದೆ,
ಸಾವಿರದ ಇನ್ನೂರು ಪುಟ, ಸಹಿ ನಾಳೆ ಬೆಳಗ್ಗೆ.
ಈ ಸಲ ರಸೀತಿಗಳಿಂದ ಶುರು ಮಾಡುತ್ತೇನೆ.